ನನ್ನ ಪಟ್ಟಿಯೂ ಅತ್ತಿಗೆಯ ಪೆನ್ಸಿಲ್ಲೂ

ಇವತ್ತು ಬೆಳಿಗ್ಗೆ ಹೊಸ ಮಿಕ್ಸಿಯ ಡಬ್ಬ ಬಿಚ್ಚುತ್ತಿದ್ದೆ. ಥರ್ಮಾಕೋಲು ಕಿರ್ರೆಂದಿತು, ಹಿಂದೆಯೇ ಹೊಸ ರಟ್ಟು, ಹೊಸ ಪ್ಲಾಸ್ಟಿಕ್ಕಿನ ವಾಸನೆ. ಆ ವಾಸನೆ ನಿಮಗೆ ಏನನ್ನು ನೆನಪಿಸುತ್ತದೋ ಕಾಣೆ. ನನಗಂತೂ ಹೊಳೆನರಸೀಪುರದ ನಮ್ಮ ನಡುಮನೆ, ಅಲ್ಲಿ ಚಾಪೆಯ ತುಂಬ ಹರಡಿದ್ದ ಡಬ್ಬಗಳು, ಅವುಗಳ ನಡುವೆ ಮಹಾಪಂಡಿತೆಯ ಗತ್ತಿನಲ್ಲಿ ಕೂತಿದ್ದ ನಾನು ನೆನಪಾಗಿ, ಚನ್ನರಾಯಪಟ್ಟಣದ ಈ ಬಾಡಿಗೆ ಮನೆಯಲ್ಲಿ ಒಬ್ಬಳೇ ನಕ್ಕೆ.

ಆಗ ನಾನು ಹಾಸನದ ಕಾಲೇಜಿನಲ್ಲಿ ಪದವಿಯ ಕೊನೆಯ ವರ್ಷದಲ್ಲಿದ್ದೆ. ದಿನವೂ ಬಸ್ಸಿನಲ್ಲಿ ಹೋಗಿ ಬರುವ ಹೊತ್ತಿನಲ್ಲಿ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ, ಬಿಡಿಭಾಗಗಳನ್ನು ತಂದು ನಾನೇ ಒಂದು ಗೇಮಿಂಗ್ ಕಂಪ್ಯೂಟರ್ ಜೋಡಿಸಬೇಕೆಂಬ ಹುಚ್ಚು ಹತ್ತಿತ್ತು. ಈಜುವುದನ್ನು ಬರೀ ವಿಡಿಯೋದಲ್ಲಿ ನೋಡಿ ಹೇಮಾವತಿಗೆ ಹಾರಿದವರನ್ನು ನಾನು ಕಂಡಿಲ್ಲ. ಆದರೆ ಅಂಥವರಿದ್ದರೆ ಅವರ ಮುಖದ ಮೇಲೆ ಎಂಥ ಆತ್ಮವಿಶ್ವಾಸ ಇರುತ್ತದೆಂದು ಬಲ್ಲೆ. ಟ್ಯೂಷನ್ ಹೇಳಿ ಕೂಡಿಟ್ಟ ಹಣವಿತ್ತು. ಮನೆಯಲ್ಲಿ ‘ಕಾಲೇಜಿನ ಪ್ರಾಜೆಕ್ಟಿಗೆ’ ಎಂದು ಹೇಳಿದೆ.

“ಅಂಗ್ಡೀಲಿ ಜೋಡ್ಸಿ ಮಡಗಿರ್ತಾರಲ್ಲಮ್ಮಿ, ಅದ್ನೇ ತಕಂಬಾ. ಬಿಡಿಬಿಡಿಯಾಗಿ ತಂದು ನೀನೇನ್ ಜೋಡ್ಸೀಯೆ? ಕುಕ್ಕರ್ ಮುಚ್ಳನೇ ಸರ್ಯಾಗಿ ಆಕಾಕ್ ಬರಾಕಿಲ್ಲ ನಿಂಗೆ,” ಎಂದಳು ಅಮ್ಮ.

ಕುಕ್ಕರ್ ಬೇರೆ, ಕಂಪ್ಯೂಟರ್ ಬೇರೆ ಎಂದು ನಾನು ತಿಳಿಹೇಳಿದೆ. ಬೇಕಾದ ಭಾಗಗಳ ಪಟ್ಟಿಯನ್ನು ಅಂದವಾದ ಅಕ್ಷರದಲ್ಲಿ ಬರೆದು, ಎಲ್ಲರೂ ನೋಡಿ ಬೆರಗಾಗಲೆಂದು ಅಡುಗೆಮನೆಯ ಬಾಗಿಲ ಪಕ್ಕ ಅಂಟಿಸಿದೆ.

ಇಲ್ಲಿ ನಮ್ಮ ಅತ್ತಿಗೆಯ ವಿಷಯ ಹೇಳಬೇಕು. ಅಣ್ಣನದು ತೆಂಗಿನಕಾಯಿ ವ್ಯಾಪಾರ. ಅವನಿಗೆ ಮದುವೆಯಾಗಿ ಆಗಷ್ಟೇ ಮೂರು ತಿಂಗಳಾಗಿತ್ತು. ಅತ್ತಿಗೆ ಅರಕಲಗೂಡಿನವಳು. ಹೆಣ್ಣು ನೋಡಲು ಹೋದಾಗ ಅಮ್ಮ “ಒಂದು ಆಡು ಏಳವ್ವಾ” ಎಂದು ಪಟ್ಟು ಹಿಡಿದಿದ್ದಳು. ಹುಡುಗಿ ದೇವರ ಹಾಡೊಂದನ್ನು ಶುರು ಮಾಡಿ ಎರಡನೆಯ ಸಾಲಿಗೇ ಸಿಕ್ಕಿಹಾಕಿಕೊಂಡು ತಲೆ ತಗ್ಗಿಸಿದಳು. ‘ಕಂಪ್ಯೂಟರ್ ಕಲಿತಿದ್ದಾಳೆ’ ಎಂದು ಅವಳ ತಾಯಿ ಸೇರಿಸಿದ್ದರು. ಯಾರ ತಾಯಿ ತಾನೇ ಹಾಗೆ ಸೇರಿಸುವುದಿಲ್ಲ! ಪೆದ್ದಿ ಎಂದು ನಾನು ಅಲ್ಲೇ ತೀರ್ಪು ಕೊಟ್ಟುಬಿಟ್ಟೆ. ನಿಜ ಹೇಳಬೇಕೆಂದರೆ, ಅಣ್ಣ ಸಂಜೆ ತರುತ್ತಿದ್ದ ಕುರುಕಲು ಖಾರದ ಪೊಟ್ಟಣ ಮೊದಲು ನನ್ನ ಕೈಗೆ ಬರುತ್ತಿದ್ದದ್ದು ಈಗ ಅವಳ ಕೈಗೆ ಹೋಗುತ್ತಿತ್ತು. ನನ್ನ ತೀರ್ಪಿಗೆ ಆಧಾರ ಅಷ್ಟೇ. ನಮ್ಮಿಬ್ಬರ ನಡುವೆ “ಊಟ ಆಯ್ತಾ?” “ಆಯ್ತು, ನಿಮ್ದು?” ಎಂಬುದನ್ನು ಮೀರಿದ ಮಾತಿರಲಿಲ್ಲ. ನನಗಿಂತ ದೊಡ್ಡವಳಾದರೂ ನನ್ನನ್ನು ‘ನೀವು’ ಎನ್ನುತ್ತಿದ್ದಳು.

ಪಟ್ಟಿ ಅಂಟಿಸಿದ ಮರುದಿನ ನೋಡಿದರೆ ಅದರ ಮೇಲೆ ಪೆನ್ಸಿಲಿನ ಸಣ್ಣ ಗುರುತುಗಳು! ಪ್ರೊಸೆಸರ್ ಮುಂದೆ ಸರಿ ಗುರುತು. ಮದರ್‌ಬೋರ್ಡ್ ಮುಂದೆ ಪ್ರಶ್ನಾರ್ಥಕ ಚಿಹ್ನೆ. ಎಲ್ಲವನ್ನೂ ಒಳಗೆ ಕೂರಿಸುವ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್ಟಿನ ಮುಂದೆ ‘ಉದ್ದ?’ ಎಂಬ ಒಂದೇ ಪದ. ಅಣ್ಣನದೇ ಕಿತಾಪತಿ ಎಂದು ಅವನ ಮೇಲೆ ಹರಿಹಾಯ್ದೆ.

“ನಂಗ್ಯಾಕೆ ಬೇಕು ನಿನ್ ಬೋರ್ಡು? ನಂಗೊತ್ತಿರಾದು ತೆಂಗಿನ್‌ಕಾಯಿ ಒಂದೇಯ,” ಎಂದು ಅವನು ಹೊರಟುಹೋದ. ಅತ್ತಿಗೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ತಲೆ ಎತ್ತಲಿಲ್ಲ. ನಾನು ಪಟ್ಟಿಯನ್ನು ಕಿತ್ತು ಚೀಲಕ್ಕೆ ಹಾಕಿಕೊಂಡು ಹಾಸನಕ್ಕೆ ಹೋದೆ. ಅಂಗಡಿಯವರು “ಇವೆಲ್ಲ ಒಂದಕ್ಕೊಂದು ಹೊಂದುತ್ತಾ ನೋಡ್ಕೊಂಡಿದೀರಾ ಮೇಡಂ?” ಎಂದು ಕೇಳಿದರು. “ಎಲ್ಲಾ ನೋಡಿದೀನಿ,” ಎಂದೆ. ಕ್ಯಾಬಿನೆಟ್ಟನ್ನಂತೂ ನಿಜವಾಗಿ ನೋಡಿದ್ದೆ. ಅದರಲ್ಲಿ ಏಳು ಬಣ್ಣದ ದೀಪ ಹತ್ತುತ್ತಿತ್ತು.

ಭಾನುವಾರ ಊಟವಾದ ಮೇಲೆ ನಡುಮನೆಯಲ್ಲಿ ಪ್ರದರ್ಶನ. ಅಮ್ಮ, ಅಣ್ಣ ಪ್ರೇಕ್ಷಕರು, ಬಾಗಿಲಲ್ಲಿ ಅತ್ತಿಗೆ. ಮದರ್‌ಬೋರ್ಡನ್ನು ಹೊರತೆಗೆದೆ. ಪ್ರೊಸೆಸರ್ ಎಂದರೆ ಬಿಸ್ಕತ್ತಿನಷ್ಟು ದೊಡ್ಡ ಚೌಕ, ಅದರ ಅಡಿಯಲ್ಲಿ ಕೂದಲೆಳೆಯಂಥ ನೂರಾರು ಪಿನ್ನುಗಳು. ಅವು ಬೋರ್ಡಿನ ರಂಧ್ರಗಳಲ್ಲಿ ಇಳಿಯಬೇಕು. ಆದರೆ ನಾನು ತಂದ ಬೋರ್ಡಿನಲ್ಲಿ ರಂಧ್ರಗಳೇ ಇರಲಿಲ್ಲ, ಅಲ್ಲಿಯೂ ಪಿನ್ನುಗಳೇ! ಅದು ಬೇರೆ ಬಗೆಯ ಪ್ರೊಸೆಸರಿಗೆ ಮಾಡಿದ ಬೋರ್ಡು. ಅದನ್ನು ಒಪ್ಪಿಕೊಳ್ಳಲು ನಾನೇನು ಸಾಮಾನ್ಯಳೇ? ಹೊಸತು ಮೊದಮೊದಲು ಬಿಗಿ ಇರುತ್ತದೆ ಎಂದುಕೊಂಡು ಹೆಬ್ಬೆರಳಿಟ್ಟು ಅದುಮಲು ಹೋದೆ.

“ಒತ್ಬ್ಯಾಡ ಕಣೇ! ಪಿನ್ನು ಬಗ್ಗೋಯ್ತದೆ!”

ಮೂರು ತಿಂಗಳಲ್ಲಿ ಆ ಮನೆಯಲ್ಲಿ ಅಷ್ಟು ಜೋರಾದ ದನಿ ಎದ್ದಿರಲಿಲ್ಲ. ಅತ್ತಿಗೆ ಬಾಗಿಲಿಂದ ಓಡಿಬಂದು ನನ್ನ ಮಣಿಕಟ್ಟು ಹಿಡಿದಿದ್ದಳು. ‘ನೀವು’ ಎಲ್ಲಿ ಹಾರಿಹೋಗಿತ್ತೋ! ಪ್ರೊಸೆಸರನ್ನು ಅಂಚಿನಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿ ನೋಡಿದಳು. ಮೂಲೆಯಲ್ಲಿ ಒಂದು ಪಿನ್ನು ವಾಲಿತ್ತು. ಹೊಲಿಗೆಯ ಸೂಜಿ ತಂದು, ಉಸಿರು ಬಿಗಿಹಿಡಿದು, ಅದನ್ನು ನೆಟ್ಟಗೆ ನಿಲ್ಲಿಸಿದಳು. ಬೋರ್ಡಿನ ಪಿನ್ನುಗಳಿಗೆ ಏನೂ ಆಗಿರಲಿಲ್ಲ. ಆಮೇಲೆ ಸುತ್ತ ನೋಡಿದಳು. ನಾವೆಲ್ಲ ಅವಳನ್ನೇ ನೋಡುತ್ತಿದ್ದೆವು. ಅವಳ ಮುಖ ಬಿಳಿಚಿಕೊಂಡಿತು.

“ಇದೆಲ್ಲ ನಿಮಗೆ ಹೆಂಗೆ ಗೊತ್ತು ಅತ್ತಿಗೆ?” ಎಂದೆ.

“ಅರಕಲಗೂಡಲ್ಲಿ ಕಂಪ್ಯೂಟರ್ ಅಂಗ್ಡೀಲಿ ಕೆಲಸ ಮಾಡ್ತಿದ್ದೆ. ರಿಪೇರಿ, ಜೋಡ್ಸಾದು, ಎಲ್ಲಾನೂವೆ. ಅಂಗ್ಡೀಲಿ ಕೂರ್ತಿದ್ದೋಳು ಅಂದ್ರೆ ಒಪ್ತಾರೋ ಇಲ್ವೋ ಅಂತ ನಮ್ಮವ್ವ ಏಳ್ಬ್ಯಾಡ ಅಂದಿದ್ರು.”

“ನನಗಾದರೂ ಹೇಳಬಹುದಿತ್ತಲ್ಲ?”

“ಏಳಿದ್ನಲ್ಲ, ಪೆನ್ಸಿಲಲ್ಲಿ.”

ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಪಾತ್ರೆಗಳ ಸದ್ದು ಬೇಕಾದ್ದಕ್ಕಿಂತ ಹೆಚ್ಚಾಗಿ ಕೇಳಿಸಿತು. ನಮ್ಮಮ್ಮ ಬೈದರೆ ಭಯವಿಲ್ಲ. ಸುಮ್ಮನಾದರೆ ಅಣ್ಣನೂ ಜಾಗ ಖಾಲಿ ಮಾಡುತ್ತಾನೆ. ಅಂದು ರಾತ್ರಿ ಅತ್ತಿಗೆಯ ತಟ್ಟೆಯಲ್ಲಿ ಮುದ್ದೆ ಅರ್ಧಕ್ಕೇ ನಿಂತಿತು. ನನ್ನ ಹುಚ್ಚಿನಿಂದ ಅವಳ ಗುಟ್ಟು ಬಯಲಾಯಿತಲ್ಲ ಎಂದು ನಾನೂ ತಟ್ಟೆ ಸರಿಸಿ ಎದ್ದೆ.

ಮರುದಿನ ನಾವಿಬ್ಬರೂ ಸಾಮಾನು ಬದಲಿಸಲು ಹಾಸನಕ್ಕೆ ಹೋದೆವು. ಬಸ್ಸಿನಲ್ಲಿ ತುಟಿ ಬಿಚ್ಚದವಳು ಅಂಗಡಿಯ ಮೆಟ್ಟಿಲು ಹತ್ತುತ್ತಲೇ ಬೇರೆಯವಳಾದಳು. ಪ್ರೊಸೆಸರಿಗೆ ಒಗ್ಗುವ ಬೋರ್ಡು ಯಾವುದು, ನನ್ನ ರ‍್ಯಾಮ್ ಅದರಲ್ಲಿ ಕೂರುತ್ತದೋ ಇಲ್ಲವೋ, ಪವರ್ ಸಪ್ಲೈ ಗ್ರಾಫಿಕ್ಸ್ ಕಾರ್ಡಿನ ಹಸಿವಿಗೆ ಸಾಲುತ್ತದೋ ಎಂದು ಒಂದೊಂದನ್ನೇ ಕೇಳಿ ತೆಗೆಸಿದಳು. ಗ್ರಾಫಿಕ್ಸ್ ಕಾರ್ಡನ್ನು ಮೇಜಿನ ಮೇಲಿಟ್ಟು ಅಂಗೈ ಅಗಲಿಸಿ ಅಳೆದಳು: ಒಂದು ಗೇಣು, ಮೇಲೆ ನಾಲ್ಕು ಬೆರಳು. ಏಳು ಬಣ್ಣದ ಕ್ಯಾಬಿನೆಟ್ಟಿನೊಳಗೆ ಕೈ ಹಾಕಿ ಅಳೆದಳು: ಒಂದು ಗೇಣು, ಎರಡು ಬೆರಳು.

“ಎಲ್ಡು ಬೆಳ್ಳು ಆಚೀಗೆ ಬತ್ತದೆ. ದೀಪ ನೋಡ್ಕಂಡು ತಗಂಡ್ಯಾ?” ಎಂದು ನನ್ನ ಕಡೆ ತಿರುಗಿ, ಮೊದಲ ಸಲ ನಕ್ಕಳು.

ದೀಪವಿಲ್ಲದ, ದೊಡ್ಡ, ಕಪ್ಪು ಕ್ಯಾಬಿನೆಟ್ಟನ್ನು ಹೊತ್ತು ಬಸ್ಸು ಹತ್ತಿದೆವು. ಕಂಡಕ್ಟರು “ಏನಮ್ಮಾ ಇದು, ಟೀವಿಯಾ?” ಎಂದರು. “ಅಲ್ಲ ಸಾ, ಖಾಲಿ ಡಬ್ಬ,” ಎಂದಳು ಅತ್ತಿಗೆ. “ಖಾಲಿ ಡಬ್ಬುಕ್ಕೂ ಲಗೇಜ್ ಆಯ್ತದೆ,” ಎಂದು ಅವರು ಟಿಕೆಟ್ ಹರಿದರು.

ಮನೆ ಮುಟ್ಟಿದಾಗ ಅಮ್ಮ ಜಗುಲಿಯ ಮೇಲೆ ಕೂತಿದ್ದಳು. ಅತ್ತಿಗೆಯ ಕಾಲುಗಳು ಅಂಗಳದಲ್ಲೇ ನಿಂತವು.

“ಎಷ್ಟ್ ವರ್ಸ ಇದ್ದೆ ಅಂಗ್ಡೀಲಿ?” ಎಂದಳು ಅಮ್ಮ.

“ಮೂರ್ ವರ್ಸ ಅತ್ತೆ.”

“ಮತ್ತೆ ಅವತ್ತು ಆಡು ಏಳು ಅಂತ ನಾನು ಅಷ್ಟು ಗೋಳುಯ್ಕಂಡ್ನಲ್ಲ, ಇದು ಬತ್ತದೆ ಅಂತ ಬಾಯ್ಬುಟ್ಟು ಏಳಾಕಾಯ್ತಿರ್ಲಿಲ್ವಾ? ಆ ಆಡು ಯಾರಿಗ್ ಬೇಕಿತ್ತು?” ಎಂದು ಸೆರಗಿನ ಮರೆಯಿಂದ ಏನನ್ನೋ ತೆಗೆದಳು. ಕೆಟ್ಟುಹೋಗಿದ್ದ ಟೀವಿ ರಿಮೋಟು. “ಆರ್ ತಿಂಗ್ಳಾಯ್ತು, ಸೌಂಡು ಜಾಸ್ತಿ ಆಯ್ತದೆ, ಕಮ್ಮಿ ಆಗಾಕಿಲ್ಲ. ನೋಡು ಇದ್ನ.”

ಅತ್ತಿಗೆ ರಿಮೋಟನ್ನು ಎರಡೂ ಕೈಯಲ್ಲಿ ಈಸಿಕೊಂಡಳು. ಕಣ್ಣು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಕಂಪ್ಯೂಟರಿನ ಜೋಡಣೆಯನ್ನು ನನ್ನ ಕೈಯಲ್ಲೇ ಮಾಡಿಸಿದಳು. “ನಿಂದು ಕಣಮ್ಮ, ನೀನೇ ಆಕು,” ಎಂದು ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಎಲ್ಲ ಮುಗಿದು ಗುಂಡಿ ಒತ್ತಿದರೆ ಸದ್ದಿಲ್ಲ, ಬೆಳಕಿಲ್ಲ. ಮತ್ತೊಮ್ಮೆ ಒತ್ತಿದೆ. ಅವಳು ಕ್ಯಾಬಿನೆಟ್ಟಿನ ಹಿಂಭಾಗ ತೋರಿಸಿದಳು. ಅಲ್ಲೊಂದು ಸ್ವಿಚ್ಚಿತ್ತು. ಹಾಕಿದೆ. ಫ್ಯಾನುಗಳು ತಿರುಗಿದವು.

ಮೊದಲ ಆಟ ಅವಳೇ ಆಡಲೆಂದು ಕೂರಿಸಿದೆ. ಅಬ್ಬಾ, ಆ ವೇಗವೇ! ಅಮ್ಮ ಹೊಡೆದಾಟ ನೋಡಿ “ಇದ್ಯಾವ್ ಪ್ರಾಜೆಕ್ಟಮ್ಮಿ?” ಎಂದದ್ದು ನನ್ನ ಕಿವಿಗೆ ಬೀಳಲಿಲ್ಲ ಎಂದೇ ಇಟ್ಟುಕೊಳ್ಳಿ. ಆದರೆ ಸ್ವಲ್ಪ ಹೊತ್ತಿಗೆ ಅತ್ತಿಗೆ ತಡವರಿಸತೊಡಗಿದಳು. ದಾರಿ ತಿಳಿಯದೆ ನಿಂತುಬಿಟ್ಟಳು.

“ಮುಂದಿಕ್ಕೆ ಗೊತ್ತಿಲ್ಲ,” ಎಂದಳು. “ಅಂಗ್ಡೀಲಿ ಗಿರಾಕಿಗೆ ಕೊಡಾಕ್ ಮುಂಚೆ ಅತ್ತು ನಿಮಿಷ ಆಡಿ ಟೆಸ್ಟ್ ಮಾಡ್ತಿದ್ದೋ ಅಷ್ಟೇಯ. ಆಮ್ಯಾಲೆ ಅವ್ರ್ ತಕಂಡ್ ಓಗೋರು.”

ಎಷ್ಟೋ ಆಟಗಳ ಮೊದಲ ಹತ್ತು ನಿಮಿಷ ಅವಳಿಗೆ ಬಾಯಿಪಾಠ. ಒಂದರದ್ದೂ ಹನ್ನೊಂದನೆಯ ನಿಮಿಷ ಗೊತ್ತಿರಲಿಲ್ಲ. ನಾನು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ.

ಇಷ್ಟು ನೆನೆಯುವಷ್ಟರಲ್ಲಿ ಫೋನ್ ರಿಂಗಾಯಿತು. ನಾನು ಇಲ್ಲಿ ಕೆಲಸಕ್ಕೆ ಸೇರಿ ಬರುವಾಗ ಕಂಪ್ಯೂಟರನ್ನು ಅವಳಿಗೇ ಬಿಟ್ಟು ಬಂದಿದ್ದೇನೆ.

“ಮುಗೀತು ಕಣಮ್ಮ!” ಎಂದಳು ಅತ್ತಿಗೆ. ಮೂರು ವಾರದಿಂದ ಆಡುತ್ತಿದ್ದ ದೊಡ್ಡ ಆಟ. ಒಬ್ಬಳೇ ಕೊನೆ ಮುಟ್ಟಿಸಿದ ಮೊದಲನೆಯದು.

“ಕೊನೇಲಿ ಏನಾಯ್ತು?”

“ಏನಿಲ್ಲ. ಆಟ ಮಾಡ್ದೋರ ಎಸ್ರು ಬಂದೋ. ಸಾಲಾಗಿ ಬತ್ತಾನೇ ಇದ್ವು. ಕೂತ್ಕಂಡು ಎಲ್ಲಾನೂ ಓದ್ದೆ.”

ನಾನಂತೂ ಆ ಹೆಸರುಗಳು ಬರುವ ಮೊದಲೇ ಎದ್ದುಹೋಗುವವಳು. ಅದನ್ನು ಯಾರಾದರೂ ಓದುತ್ತಾರೆಯೇ ಎಂದು ಕೇಳಹೊರಟವಳಿಗೆ ಅವಳು ಕಾಣದೆ ಹೋದ ಆ ಹನ್ನೊಂದನೆಯ ನಿಮಿಷಗಳು ನೆನಪಾದವು.

“ಯಾವ ಯಾವ ಹೆಸರಿತ್ತು ಅತ್ತಿಗೆ, ಹೇಳಿ,” ಎಂದು ಮಿಕ್ಸಿಯನ್ನು ಅತ್ತ ಸರಿಸಿ ನೆಲದ ಮೇಲೆ ಕೂತೆ.