ಹನ್ನೊಂದನೆಯ ಮಹಡಿಯಿಂದ ಬಿದ್ದ ಟೈಲ್ಸು

ಒಂದೇ ಕಸುಬಿನಲ್ಲಿ ಮೂವತ್ತು ವರ್ಷ ಸವೆಸಿದವನ ಮಾತಿಗೆ ಒಂದು ತೂಕವಿರುತ್ತದೆ. ನನ್ನ ಮಾತಿಗಂತೂ ಎಷ್ಟು ತೂಕವಿತ್ತೆಂದರೆ, ಅದು ಹನ್ನೊಂದನೆಯ ಮಹಡಿಯಿಂದ ನೇರವಾಗಿ ಕೆಳಗೆ ಬಿತ್ತು.

ಬಿದ್ದದ್ದು ಒಂದು ಟೈಲ್ಸು. ಮುಂಬೈಯ ಪವಾಯಿಯಲ್ಲಿ ಹೊಸ ಬಿಲ್ಡಿಂಗೊಂದರ ಹೊರಗೋಡೆಗೆ ಟೈಲ್ಸ್ ಕೂರಿಸುವ ಕೆಲಸಕ್ಕೆ ನಾನು ಸುಪರ್‌ವೈಸರ್ ಆಗಿದ್ದೆ. ಅದು ಪರಿಸರಸ್ನೇಹಿ ಕಟ್ಟಡ. ಅಲ್ಲಿ ಸ್ನಾನದ ನೀರು ಗಿಡಕ್ಕೆ ಹೋಗುತ್ತದೆ, ಕಾರ್ಖಾನೆಯ ಒಡಕು ಟೈಲ್ಸುಗಳು ಪುಡಿಯಾಗಿ, ಪುನರ್ಜನ್ಮ ಪಡೆದು ಗೋಡೆಯೇರುತ್ತವೆ. ಹಾಗೆ ಪುನೀತವಾದದ್ದೊಂದು ಮಟಮಟ ಮಧ್ಯಾಹ್ನ ಗೇಟಿನ ಬಳಿ ವಾಚ್‌ಮನ್ನನ ಕುರ್ಚಿಯ ಮೇಲೆ ಬಿದ್ದು ಅದನ್ನು ಎರಡು ಹೋಳು ಮಾಡಿತು. ವಾಚ್‌ಮನ್ ಚಹಾ ಕುಡಿಯಲು ಹೋಗಿದ್ದ.

ಕೆಳಗಿನ ಮಹಡಿಗಳಲ್ಲಿ ಆಗಲೇ ಸಂಸಾರಗಳು ಬಂದಿದ್ದವು. ಮೂರು ಗಂಟೆಗೆ ಸ್ಕೂಲ್ ಬಸ್ಸು ಮಕ್ಕಳನ್ನು ಇಳಿಸುತ್ತಿದ್ದದ್ದು ಅದೇ ಗೇಟಿನಲ್ಲಿ.

ಬಿಲ್ಡರನ ಕಡೆಯ ಇಂಜಿನಿಯರ್ ಹುಡುಗಿ ಓಡಿ ಬಂದಳು. ಗೋರೆಗಾಂವ್‌ನಲ್ಲಿ ಹೋಟೆಲು ನಡೆಸುವ ಉಡುಪಿಯವರ ಮಗಳು.

"ಅಂಕಲ್, ಕ್ಯಾ ಹುವಾ? ಕೆಮಿಕಲ್ ಖರಾಬ್ ಉಂಟಾ?" ಕೆಮಿಕಲ್ ಎಂದರೆ ಟೈಲ್ಸ್ ಹಚ್ಚುವ ಅಂಟು.

"ಇರಬಹುದಮ್ಮಾ," ಎಂದೆ.

"ಇದೊಂದೇ ಪೀಸಾ? ಬೇರೆ ಸಹ ಬೀಳ್ತದಾ?"

"ಒಂದೇ ಇರಬೇಕು."

ಎರಡೂ ಸುಳ್ಳು. ಬಿದ್ದ ಚೂರಿನ ಬೆನ್ನು ತೊಳೆದಿಟ್ಟ ತಟ್ಟೆಯಂತಿತ್ತು. ಅಂಟಿನ ಗುರುತೇ ಇರಲಿಲ್ಲ.

ನಮ್ಮ ಮೇಸ್ತ್ರಿ ವಿಜಯಪುರದ ಕಡೆಯವನು, ನನ್ನೂರಿನವನೇ. ಕಿವಿಯ ಹತ್ತಿರ ಬಂದು, "ಸಾಹೇಬ್ರ, ಈ ಟೈಲ್ಸ್ ನೆನಸೂದು ಬ್ಯಾಡ್ರಿ ಅಂತ ಅವತ್ತ ಹೇಳಿದ್ನಿಲ್ರಿ?" ಎಂದ.

ಹೇಳಿದ್ದ. ಹಳೆಯ ಕಾಲದ ಟೈಲ್ಸುಗಳನ್ನು ಡ್ರಮ್ಮಿನಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ನಿಂತ ಮೇಲೆ ಸಿಮೆಂಟಿನಲ್ಲಿ ಕೂರಿಸುತ್ತಿದ್ದೆವು. ಹೊಸವು ನೀರು ಕುಡಿಯುವುದಿಲ್ಲ. ನೆನೆಸಿದರೆ ಬೆನ್ನ ಮೇಲೆ ತೇವ ನಿಲ್ಲುತ್ತದೆ, ಅಂಟು ಹಿಡಿಯುವುದಿಲ್ಲ. ಇದನ್ನು ಟೈಲ್ಸಿನ ಡಬ್ಬದ ಮೇಲೆಯೇ ಅಚ್ಚು ಹಾಕಿದ್ದರು. ಡಬ್ಬ ಓದಿ ಕೆಲಸ ಕಲಿಯುವುದು ಹುಡುಗರ ಲಕ್ಷಣವೆಂದು ನಾನು ಬಗೆದಿದ್ದೆ. "ಹಾಕೋ ಡ್ರಮ್ಮಿನ್ಯಾಗ. ನೀ ಹುಟ್ಟೂಕಿಂತ ಮೊದ್ಲ ಟೈಲ್ಸ್ ನೆನಸೀನಿ ನಾ," ಎಂದು ಗದರಿದ್ದೆ. ಹಾಗೆ ನೆನೆಸಿ ಹಚ್ಚಿದ್ದು ಒಂಬತ್ತರಿಂದ ಹನ್ನೊಂದರವರೆಗೆ, ಮೂರು ಮಹಡಿ.

ಗೇಟು ಮುಚ್ಚಿಸಬೇಕಿತ್ತು. ಮುಚ್ಚಿಸಿದರೆ ಕಾರಣ ಹೇಳಬೇಕಿತ್ತು. ಹೇಳಿದರೆ ನೌಕರಿ ಉಳಿಯುವುದಿತ್ತೇ? ಹಾಗಾಗಿ, "ಮೊದಲು ತಟ್ಟಿ ನೋಡೋಣ," ಎಂದು ಘನಗಂಭೀರವಾಗಿ ನುಡಿದು ಮೇಸ್ತ್ರಿಯೊಂದಿಗೆ ಝೂಲಾ ಹತ್ತಿದೆ. ಹಗ್ಗಕ್ಕೆ ನೇತುಬಿದ್ದು ಗೋಡೆಯುದ್ದಕ್ಕೂ ಏರಿಳಿಯುವ ಆ ಕಬ್ಬಿಣದ ತೊಟ್ಟಿಲಿಗೆ ಅದಕ್ಕೆ ಮುಂಚೆ ನಾನು ಕಾಲಿಟ್ಟವನಲ್ಲ.

ಟೈಲ್ಸನ್ನು ಕೋಲಿನಿಂದ ತಟ್ಟಿದಾಗ 'ಟಕ್' ಎಂದರೆ ಗಟ್ಟಿ, 'ಡಬ್' ಎಂದರೆ ಹಿಂದೆ ಟೊಳ್ಳು. ಒಂಬತ್ತನೆಯ ಮಹಡಿಯಲ್ಲಿ ತಟ್ಟಿದೆ. ಡಬ್. ಪಕ್ಕದ್ದು, ಡಬ್. ಅದರಾಚೆಯದೂ ಡಬ್. ತಟ್ಟಿದ್ದರಿಂದಲೇ ಬಿದ್ದುಬಿಟ್ಟರೆ ಎಂದು ಆಮೇಲಾಮೇಲೆ ಕೋಲನ್ನು ಸುಮ್ಮನೆ ಮುಟ್ಟಿಸತೊಡಗಿದೆ.

"ಜೋರ್ ಬಡೀರಿ ಸಾಹೇಬ್ರ, ಕೂಸಿನ ಬೆನ್ನ ತಟ್ಟಿದಂಗ ತಟ್ಟಾಕತ್ತೀರಿ," ಎಂದ ಮೇಸ್ತ್ರಿ.

ಕೆಳಗೆ, ಬೆಂಕಿಪೊಟ್ಟಣದಷ್ಟು ಹಳದಿ ಬಸ್ಸು ತಿರುವಿನಲ್ಲಿ ಕಾಣಿಸಿತ್ತು. ನನ್ನ ಕೈಯ ಕೆಳಗಿದ್ದ ಟೈಲ್ಸಿನ ಒಂದು ಅಂಚು ಗೋಡೆ ಬಿಟ್ಟು ನಿಂತಿತ್ತು. ಎರಡೂ ಅಂಗೈಗಳಿಂದ ಅದನ್ನು ಗೋಡೆಗೆ ಒತ್ತಿ ಹಿಡಿದು ಕಿರುಚಿದೆ.

"ಗೇಟ್ ಬಂದ್ ಮಾಡಿಸಮ್ಮಾ! ಬಸ್ಸು ಹಿಂದಿನ ಗೇಟಿಗೆ ಕಳಿಸು! ಎಲ್ಲಾ ಟೊಳ್ಳ ಐತಿ! ಕೆಮಿಕಲ್ ಛಲೋನ ಐತಿ, ಟೈಲ್ಸ್ ನೆನಸಾಕ ಹೇಳಿದಾಂವ ನಾನ!"

ಅರ್ಧ ಪವಾಯಿಗೆ ಕೇಳಿಸಿರಬೇಕು. ಹುಡುಗಿ ಕೈಯೆತ್ತಿಕೊಂಡು ಬಸ್ಸಿಗೆ ಎದುರಾಗಿ ಓಡಿದ್ದು ಕಾಣಿಸಿತು. ಬಸ್ಸು ನಿಂತಿತು. ಹಿಂದಕ್ಕೆ ಸರಿಯಿತು. ಮೇಸ್ತ್ರಿ ಮೆಲ್ಲಗೆ ನನ್ನ ಕೈಗಳ ನಡುವಿನಿಂದ ಟೈಲ್ಸನ್ನು ಬಿಡಿಸಿ ತೊಟ್ಟಿಲೊಳಗೆ ಇಟ್ಟ. ಅದಕ್ಕೆ ಬಲ ಬೇಕಾಗಲಿಲ್ಲ.

ಕೆಳಗಿಳಿದೆ. ಮರಳಿನ ಗುಡ್ಡೆಯ ಮೇಲೆ ಕೂತೆ. ಹುಡುಗಿ ಪೆನ್ನು, ಪುಸ್ತಕ ಹಿಡಿದು ಬಂದಳು.

"ನೀರು ಉಳಿಸುವ ಬಿಲ್ಡಿಂಗ್‌ನಲ್ಲಿ ಡ್ರಮ್ ತುಂಬಿಸಿ ನೆನೆಸಿದ್ರಾ, ಅಂಕಲ್? ರಿಪೋರ್ಟ್‌ನಲ್ಲಿ ನಾನು ಹೇಗೆ ಬರೆಯುದು?"

"ಇದ್ದದ್ದು ಇದ್ದ ಹಾಗೆ ಬರೆಯಮ್ಮಾ," ಎಂದೆ.

ಬರೆದಳು. ಮೂರು ಮಹಡಿಯ ಟೈಲ್ಸ್ ಕಿತ್ತು ಮತ್ತೆ ಕೂರಿಸಲು ಹತ್ತೊಂಬತ್ತು ದಿನ ಹಿಡಿಯಿತು. ಮೇಸ್ತ್ರಿಯನ್ನು ಸುಪರ್‌ವೈಸರ್ ಮಾಡಿದರು. ನನ್ನನ್ನು ಪರೇಲಿನ ಆಸ್ಪತ್ರೆಯೊಂದರ ನೆಲಕ್ಕೆ ಟೈಲ್ಸ್ ಕೂರಿಸುವ ಕೆಲಸಕ್ಕೆ ಕಳಿಸಿದರು.