ಕೋಡಿ ಕಡಲಲ್ಲಿ ನಾನು ಉಳಿಸಿದ ನಾಲ್ಕು ಜೀವ

ಗೃಹರಕ್ಷಕ ದಳದ ಖಾಕಿ ತೊಟ್ಟು ನಾನು ಸೀಟಿ ಊದಿದರೆ ಕುಂಭಾಶಿಯಲ್ಲಿ ಎಕ್ಸ್‌ಪ್ರೆಸ್ ಬಸ್ಸೂ ನಿಲ್ಲುತ್ತದೆ. ಇಳಿಯುವವರು ಇಲ್ಲದಿದ್ದರೂ ನಿಲ್ಲುತ್ತದೆ. ಆದರೆ ಕಳೆದ ಮಳೆಗಾಲ ಕೋಡಿ ಕಡಲತೀರದ ಡ್ಯೂಟಿಯಲ್ಲಿ, ಅಲೆಗೆ ಇಳಿಯುತ್ತಿದ್ದ ನಾಲ್ವರು ಪ್ರವಾಸಿ ಹುಡುಗರು ನನ್ನ ಸೀಟಿಗೆ ಕೈಬೀಸಿ ನಕ್ಕರು. ಇನ್ನು ಹತ್ತು ಹೆಜ್ಜೆ ಹೋದರೆ ಕಡಲು ಎಳೆದುಕೊಳ್ಳುತ್ತದೆ; ಎಳೆದುಕೊಂಡರೆ ಬಿಡುವುದಿಲ್ಲ.

ನನ್ನ ಜೊತೆಗಿದ್ದವಳು ದಳಕ್ಕೆ ಹೊಸದಾಗಿ ಸೇರಿದ ಕಾಲೇಜು ಹುಡುಗಿ ಲತಾ, ಕೋಡಿಯ ಮೀನುಗಾರರ ಮಗಳು.

"ಸೀಟಿ ಸಾಕ್ ಮಾವ, ನಾನ್ ಹೋಯಿ ಬತ್ತೆ" ಎಂದು ಪುಸ್ತಕ, ಪೆನ್ನು ಹಿಡಿದು ನೀರಂಚಿಗೆ ನಡೆದಳು.

"ಹ್ವಾಯ್ ಅಣ್ಣ, ನಿಮ್ಮ ಹೆಸರು, ಅಮ್ಮನ ಫೋನ್ ನಂಬರ್ ಹೇಳಿ!"

"ಯಾಕೆ?"

"ಇಲ್ಲಿ ಮುಳುಗಿದವರು ಒಮ್ಮೊಮ್ಮೆ ಬೈಂದೂರು ಬದಿ ಸಿಕ್ತಾರೆ. ಅಲ್ಲಿಯವರು ಯಾರಿಗೆ ಫೋನ್ ಮಾಡ್ಬೇಕು ಹೇಳಿ? ಅಂಗಿ ಬಣ್ಣ ಆಗ್ಲೇ ಬರ್ಕಂಡೆ."

ನಾಲ್ವರೂ ದಡಕ್ಕೆ ಬಂದರು, ಒಬ್ಬನಂತೂ ಓಡಿಯೇ ಬಂದ. ಉಸಿರು ತಿರುಗಿದ ಮೇಲೆ ಲತಾಳ ಜೊತೆ ಫೋಟೋ ಬೇಕೆಂದು ಮೊಬೈಲನ್ನು ನನ್ನ ಕೈಗಿಟ್ಟರು.

ಆ ಫೋಟೋದಲ್ಲಿ ನಾನಿಲ್ಲ, ನಿಜ. ಆದರೆ ನಾಲ್ಕೂ ತಲೆ ಸರಿಯಾಗಿ ಒಳಗೆ ಬಂದದ್ದು ನನ್ನಿಂದಲೇ; ಬೇಕಾದರೆ ಎಣಿಸಿ ನೋಡಿ.