ಎದೆಬಡಿತದ ಕಾಗದ

ಐವತ್ತರ ದಶಕದ ಕೊನೆಯಲ್ಲಿ ನಾನು ಶಿಕಾರಿಪುರದ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಎದೆಬಡಿತ ಬರೆಯುವ ಯಂತ್ರದವರೊಬ್ಬರು ತಿಂಗಳಿಗೊಮ್ಮೆ ಶಿವಮೊಗ್ಗದಿಂದ ಬರುತ್ತಿದ್ದರು. ಬಸ್ಸಿನಲ್ಲಿ ಯಂತ್ರದ ಪೆಟ್ಟಿಗೆಯನ್ನು ತೊಡೆಯ ಮೇಲೇ ಇಟ್ಟುಕೊಂಡು ಬರುವರು. ರೋಗಿಯ ಕೈಕಾಲಿಗೆ ಕಟ್ಟುವ ಲೋಹದ ಬಿಲ್ಲೆ ತಣ್ಣಗಿರುತ್ತದೆಂದು, ಮೊದಲು ಅದನ್ನು ತಮ್ಮ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತಿದ್ದರು. “ಸುಮ್ನೆ ಮಲಗ್ರಿ, ಇದು ಬರೀ ಕೇಳ್ತದೆ, ಏನೂ ಮಾಡಲ್ಲ” ಎಂದು ಎಲ್ಲರಿಗೂ ಹೇಳುವರು.

ಒಮ್ಮೆ ಸೊರಬದ ಕಡೆಯ ಕುಂಬಾರನೊಬ್ಬನ ಎದೆಬಡಿತ ಬರೆದರು. ಮುಂದಿನ ತಿಂಗಳು ಅವನ ಹೆಂಡತಿ ಒಬ್ಬಳೇ ಬಂದಳು. ಗಂಡ ತೀರಿಕೊಂಡು ಹದಿನೈದು ದಿನವಾಗಿತ್ತು.

“ಅವರದೊಂದು ಫೋಟೋನೂ ಇಲ್ರೀ. ಆ ಕಾಗದನಾದ್ರೂ ಕೊಡ್ತೀರಾ?” ಎಂದಳು.

ಕಾಗದ ಆಸ್ಪತ್ರೆಯದು, ಕೊಡುವಂತಿರಲಿಲ್ಲ. ಯಂತ್ರದವರು ನನ್ನಿಂದ ಫೈಲು ತರಿಸಿ, ಕಾಗದದ ಪಟ್ಟಿಯನ್ನು ಮೇಜಿನ ಮೇಲೆ ಬಿಚ್ಚಿ ಒಂದು ಕಡೆ ಬೆರಳಿಟ್ಟರು. ಅಲ್ಲಿ ಗೆರೆಗಳು ಒತ್ತೊತ್ತಾಗಿದ್ದವು.

“ನೀವು ನೀರು ತಗೊಂಡು ಒಳಗೆ ಬಂದ್ರಲ್ಲಮ್ಮ, ಆಗ ಬಡಿದದ್ದು ಇದು. ನಾ ನೋಡ್ತಾ ಇದ್ದೆ.”

ಆಕೆ ಆ ಗೆರೆಗಳನ್ನು ಬಹಳ ಹೊತ್ತು ಸವರಿದಳು. ಅವರು ಅಷ್ಟು ಭಾಗವನ್ನು ಕತ್ತರಿಸಿ ಅವಳ ಕೈಗಿಟ್ಟರು. ವೈದ್ಯರು ಕೇಳಿದಾಗ “ನಾನೇ ಕೊಟ್ಟೆ” ಎಂದಷ್ಟೇ ಹೇಳಿದರು.

ಮುಂದಿನ ತಿಂಗಳಿಂದ ಯಂತ್ರದ ಜೊತೆ ಬೇರೆಯವರು ಬರತೊಡಗಿದರು. ಹಿಂದಿನವರು ಎಲ್ಲಿದ್ದಾರೆಂದು ಕೇಳಲು ನಾನು ಎರಡು ಸಲ ಹೊಸಬರ ಹತ್ತಿರ ಹೋದೆ. ಎರಡು ಸಲವೂ ಅದನ್ನು ಕೇಳದೆ, ಕುಡಿಯಲು ನೀರು ಬೇಕೇ ಎಂದಷ್ಟೇ ಕೇಳಿ ಬಂದೆ.